ಪಟ್ಟಿಯಲ್ಲಿ ಹೆಸರಿರಲಿ, ಖಾತೆ ಸಂಖ್ಯೆ ಬೇಡ

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡಮ್ಮನಿಗೆ, ಬೆಳೆ ಪರಿಹಾರ ಜಮೆಯಾದ ಕೆಲವು ವಾರಗಳ ನಂತರ ಒಂದು ಫೋನ್ ಕರೆ ಬಂದಿತು. ಕರೆ ಮಾಡಿದವನು ದೊಡ್ಡಮ್ಮನ ಹೆಸರು ಹೇಳಿದ, ತೀರಿಕೊಂಡ ದೊಡ್ಡಪ್ಪನ ಹೆಸರು ಹೇಳಿದ, ಜಮೀನಿನ ಸರ್ವೆ ನಂಬರನ್ನೂ ಜಮೆಯಾದ ಮೊತ್ತವನ್ನೂ ಒಂದು ರೂಪಾಯಿಯೂ ತಪ್ಪದಂತೆ ಹೇಳಿದ. ಇನ್ನೊಂದು ಕಂತು ಬಾಕಿ ಇದೆ, ಅದು ಬರಬೇಕಾದರೆ ಮೊಬೈಲಿಗೆ ಬರುವ ಒಟಿಪಿ ಬೇಕು ಎಂದ. ಇಷ್ಟೆಲ್ಲ ತಿಳಿದವನು ಕಚೇರಿಯವನೇ ಇರಬೇಕು ಎಂದು ದೊಡ್ಡಮ್ಮ ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗ ಫೋನು ಕಸಿದುಕೊಂಡದ್ದರಿಂದ ಹಣ ಉಳಿಯಿತು. ಆಮೇಲೆ ನಾವು ಹುಡುಕಿ ನೋಡಿದಾಗ, ಅವನು ಹೇಳಿದ ಪ್ರತಿಯೊಂದು ವಿವರವೂ, ಅದರ ಜೊತೆಗೆ ಮೊಬೈಲ್ ಸಂಖ್ಯೆಯೂ ಬ್ಯಾಂಕ್ ಖಾತೆ ಸಂಖ್ಯೆಯೂ, ಒಂದು ಕಚೇರಿ ಜಾಲತಾಣದಲ್ಲಿ ಹಾಕಿದ್ದ ಫಲಾನುಭವಿಗಳ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಸಿಕ್ಕವು. ಅವನು ಏನನ್ನೂ ಕದ್ದಿರಲಿಲ್ಲ. ಎಲ್ಲರಿಗೂ ಕಾಣುವಂತೆ ಇಟ್ಟಿದ್ದನ್ನು ಓದಿಕೊಂಡಿದ್ದ.

ಇಂತಹ ಪಟ್ಟಿಗಳನ್ನೇ ತೆಗೆದುಹಾಕಬೇಕು ಎಂದು ಅನ್ನಿಸುವುದು ಸಹಜ. ಆದರೆ ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಸತ್ತವರ ಹೆಸರಿನಲ್ಲಿ ಕೂಲಿ ಬರೆದದ್ದು, ಊರಲ್ಲಿ ಇಲ್ಲದವರಿಗೆ ಮನೆ ಮಂಜೂರಾದದ್ದು ಬಯಲಿಗೆ ಬರುವುದು ಯಾರೋ ಪಟ್ಟಿಯನ್ನು ಓದಿ, ‘ಇವರು ಯಾರು?’ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿದಾಗಲೇ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಅರ್ಜಿ ಹಾಕದಿದ್ದರೂ ಪ್ರತಿ ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕಾದ ಸಂಗತಿಗಳನ್ನು ಹೇಳುತ್ತದೆ. ಸಹಾಯಧನದ ಕಾರ್ಯಕ್ರಮಗಳು ಹೇಗೆ ಜಾರಿಯಾಗುತ್ತಿವೆ, ಎಷ್ಟು ಹಣ ಹಂಚಿಕೆಯಾಗಿದೆ, ಫಲಾನುಭವಿಗಳ ವಿವರಗಳೇನು ಎಂಬುದು ಅವುಗಳಲ್ಲಿ ಸೇರಿದೆ. ಅದೇ ವರ್ಷ ಬಂದ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್, ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೇ ವಹಿಸಿತು. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣ ಹಲವು ಇಲಾಖೆಗಳ ದಾಖಲೆಗಳನ್ನು ಅರ್ಜಿಯಿಲ್ಲದೆ ಒಂದೇ ಕಡೆ ನೋಡುವಂತೆ ಮಾಡಿದೆ. ಇವೆಲ್ಲ ದೊಡ್ಡ ಹೋರಾಟದಿಂದ ಬಂದ ಹಕ್ಕುಗಳು, ಅವನ್ನು ಹಿಂದಕ್ಕೆ ಕೊಡುವ ಮಾತೇ ಬರಬಾರದು.

ಹಾಗಿದ್ದರೆ ತಪ್ಪಿದ್ದು ಎಲ್ಲಿ? ಪಟ್ಟಿಯ ಕಾಲಂಗಳಲ್ಲಿ. ಫಲಾನುಭವಿಗಳ ವಿವರ ಕೊಡಬೇಕೆಂದು ಕಾನೂನು ಹೇಳುತ್ತದೆಯೇ ಹೊರತು, ಆ ವಿವರದಲ್ಲಿ ಏನೇನು ಇರಬೇಕೆಂದು ಬಿಡಿಸಿ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವವರು ಸಾಮಾನ್ಯವಾಗಿ ತಾಲ್ಲೂಕು ಮಟ್ಟದ ಒಬ್ಬ ಡೇಟಾ ಎಂಟ್ರಿ ಆಪರೇಟರ್. ಹಣ ಪಾವತಿಗೆಂದು ಸಿದ್ಧಪಡಿಸಿದ ಎಕ್ಸೆಲ್ ಕಡತವೇ ಅವರ ಮುಂದೆ ಇರುತ್ತದೆ. ಸಂಜೆಯೊಳಗೆ ಪಟ್ಟಿ ಅಪ್‌ಲೋಡ್ ಆಗಬೇಕೆಂಬ ಸೂಚನೆ ಬಂದಾಗ ಆ ಕಡತವೇ ಇದ್ದಂತೆ ಜಾಲತಾಣಕ್ಕೆ ಏರುತ್ತದೆ. ಪಾವತಿಗೆ ಬೇಕಾದ ಕಾಲಂಗಳೂ ಪರಿಶೀಲನೆಗೆ ಬೇಕಾದ ಕಾಲಂಗಳೂ ಬೇರೆ ಬೇರೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇದಕ್ಕೆ ನಮ್ಮ ಸೀಮೆಯದೇ ಒಂದು ಕಾರಣವೂ ಇದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಮನೆಮನೆಗೂ ಒಬ್ಬ ತಿಪ್ಪೇಸ್ವಾಮಿಯೋ ತಿಪ್ಪಮ್ಮನೋ ಇರುತ್ತಾರೆ. ಒಂದೇ ಹಳ್ಳಿಯ ಪಟ್ಟಿಯಲ್ಲಿ ಎಂಟು ತಿಪ್ಪೇಸ್ವಾಮಿಗಳು ಬಂದರೆ ಯಾರ ಹಣ ಯಾರಿಗೆ ಹೋಯಿತೆಂದು ತಿಳಿಯುವುದು ಹೇಗೆ? ಆದ್ದರಿಂದ ತಂದೆಯ ಹೆಸರು ಸೇರಿತು. ಅದೂ ಹೊಂದಿಕೆಯಾದಾಗ ಸರ್ವೆ ನಂಬರ್, ಆಮೇಲೆ ಮೊಬೈಲ್, ಆಧಾರ್, ಖಾತೆ ಸಂಖ್ಯೆ. ತೊಂದರೆ ನಿಜವಾದದ್ದು, ಆದರೆ ಅದಕ್ಕೆ ಪೂರ್ತಿ ಖಾತೆ ಸಂಖ್ಯೆಯ ಅಗತ್ಯವಿಲ್ಲ. ತಂದೆಯ ಅಥವಾ ಗಂಡನ ಹೆಸರಿನ ಜೊತೆಗೆ ಖಾತೆಯ ಕೊನೆಯ ನಾಲ್ಕು ಅಂಕಿಗಳಿದ್ದರೆ ಎಂಟು ತಿಪ್ಪೇಸ್ವಾಮಿಗಳೂ ತಮ್ಮ ತಮ್ಮ ಸಾಲನ್ನು ಗುರುತಿಸಿಕೊಳ್ಳುತ್ತಾರೆ, ದೂರದ ವಂಚಕನ ಕೈಗೆ ಮಾತ್ರ ಪೂರ್ತಿ ಸಂಖ್ಯೆ ಸಿಗುವುದಿಲ್ಲ.

‘ಗ್ರಾಮ ಪಂಚಾಯಿತಿಯ ಗೋಡೆಗೆ ಈ ಪಟ್ಟಿಯನ್ನು ಮೊದಲಿನಿಂದಲೂ ಅಂಟಿಸುತ್ತಿದ್ದೆವಲ್ಲ, ಈಗ ಹೊಸದೇನು?’ ಎಂದು ಅಧಿಕಾರಿಗಳು ಕೇಳುವುದುಂಟು. ಗೋಡೆಯ ಮೇಲಿನ ಕಾಗದವನ್ನು ಓದುವವರು ಆ ಊರಿನವರು. ಅವರಿಗೆ ದೊಡ್ಡಮ್ಮ ಗೊತ್ತು, ದೊಡ್ಡಮ್ಮನಿಗೆ ಅವರು ಗೊತ್ತು, ಯಾರು ನಿಂತು ಓದುತ್ತಿದ್ದಾರೆಂಬುದೂ ಊರಿಗೆ ಗೊತ್ತು. ಮಳೆ ಬಂದರೆ ಆ ಕಾಗದ ಹರಿದುಹೋಗುತ್ತದೆ. ಜಾಲತಾಣದ ಪಟ್ಟಿಯನ್ನು ಎಲ್ಲಿಂದಲಾದರೂ ಯಾರಾದರೂ ತಾವು ಯಾರೆಂದು ಹೇಳದೆ ಓದಬಹುದು. ಹೆಸರು ಹಾಕಿ ಹುಡುಕಬಹುದು. ಜಿಲ್ಲೆಯ ಎಲ್ಲ ಹಳ್ಳಿಗಳ ಪಟ್ಟಿಗಳನ್ನು ಒಂದೇ ರಾತ್ರಿಯಲ್ಲಿ ನಕಲು ಮಾಡಿಕೊಳ್ಳಬಹುದು. ಮೂಲವನ್ನು ಅಳಿಸಿದ ಮೇಲೂ ನಕಲು ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಪಟ್ಟಿಯನ್ನು ಇನ್ನೊಂದರ ಜೊತೆ ಜೋಡಿಸಬಹುದು. ಗಂಡಾಂತರವಿರುವುದು ಈ ಜೋಡಣೆಯಲ್ಲಿ.

ಜೋಡಣೆಯ ಬಲವನ್ನು ತೋರಿಸಿಕೊಟ್ಟ ಪ್ರಸಂಗವೊಂದು 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಡೆಯಿತು. ಅಲ್ಲಿನ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಡಲಾಗಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು ಕೊಂಡು, ಎರಡರಲ್ಲೂ ಇದ್ದ ಜನ್ಮದಿನಾಂಕ, ಲಿಂಗ ಮತ್ತು ಪಿನ್‌ಕೋಡನ್ನು ಹೊಂದಿಸಿ, ರಾಜ್ಯದ ಗವರ್ನರ್ ಅವರದೇ ಆಸ್ಪತ್ರೆ ದಾಖಲೆಯನ್ನು ಹೊರತೆಗೆದರು. ಒಂದು ನಗರದಲ್ಲಿಯೇ ಇದು ಸಾಧ್ಯವಾದರೆ, ಇನ್ನೂರು ಮನೆಗಳ ಹಳ್ಳಿಯಲ್ಲಿ ಜನ್ಮದಿನಾಂಕದ ಅಗತ್ಯವೂ ಬೀಳುವುದಿಲ್ಲ. ವಯಸ್ಸು, ಲಿಂಗ, ಊರು ಇಷ್ಟೇ ಸಾಕು. ನಮ್ಮಲ್ಲಿ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಋಣ, 12ನೇ ಕಾಲಂನಲ್ಲಿ ಬೆಳೆ ಇರುತ್ತದೆ. ಮತದಾರರ ಪಟ್ಟಿಯಲ್ಲಿ ಮನೆ ಸಂಖ್ಯೆ, ವಯಸ್ಸು, ಸಂಬಂಧಿಯ ಹೆಸರು ಇರುತ್ತದೆ. ಇವುಗಳ ಪಕ್ಕದಲ್ಲಿ ಪರಿಹಾರದ ಪಟ್ಟಿಯನ್ನು ಇಟ್ಟರೆ, ಯಾರಿಗೆ ಎಷ್ಟು ಸಾಲವಿದೆ, ಯಾವ ತಿಂಗಳು ಕೈಗೆ ಹಣ ಬಂತು, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂಬ ಚಿತ್ರ ತಾನಾಗಿ ಮೂಡುತ್ತದೆ. ಒಂದೊಂದೂ ನಿರುಪದ್ರವಿ ಎಂದು ಮೂರು ಇಲಾಖೆಗಳು ಬೇರೆ ಬೇರೆಯಾಗಿ ತೀರ್ಮಾನಿಸಿರುತ್ತವೆ, ಮೂರನ್ನೂ ಒಟ್ಟಿಗೆ ನೋಡುವ ಹೊಣೆ ಮಾತ್ರ ಯಾರದೂ ಆಗಿರುವುದಿಲ್ಲ.

ಆದ್ದರಿಂದ ಪ್ರಕಟಿಸುವ ಮುನ್ನ ಪ್ರತಿ ಕಾಲಂಗೂ ಒಂದೇ ಪ್ರಶ್ನೆ ಕೇಳಬೇಕೆಂಬುದು ನನ್ನ ವಾದ: ಕಚೇರಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆಯೇ ಎಂದು ಊರಿನವರು ಪರಿಶೀಲಿಸಲು ಇದು ಬೇಕೇ, ಅಥವಾ ಆ ವ್ಯಕ್ತಿಯನ್ನು ತಲುಪಲು ಅಪರಿಚಿತನೊಬ್ಬನಿಗೆ ಇದು ದಾರಿಯಾಗುತ್ತದೆಯೇ? ಹೆಸರು, ಊರು, ಯೋಜನೆ, ಮೊತ್ತ, ಪಾವತಿಯ ದಿನಾಂಕ ಮೊದಲನೆಯ ಬಗೆಯವು, ಅವು ಇರಬೇಕು. ಮೊಬೈಲ್ ಸಂಖ್ಯೆ, ಪೂರ್ತಿ ಖಾತೆ ಸಂಖ್ಯೆ, ಜನ್ಮದಿನಾಂಕ, ಸಹಿ, ಭಾವಚಿತ್ರ ಎರಡನೆಯ ಬಗೆಯವು. ಇವುಗಳಲ್ಲಿ ಒಂದನ್ನು ತೆಗೆದರೂ ಪರಿಶೋಧನೆಗೆ ಕೊರತೆಯಾಗುವುದಿಲ್ಲ.

ಆಧಾರ್ ಸಂಖ್ಯೆಯ ವಿಷಯದಲ್ಲಿ ಪ್ರಶ್ನೆ ಕೇಳುವ ಅಗತ್ಯವೂ ಇಲ್ಲ. 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್‌ನ 4ನೇ ಉಪಸೆಕ್ಷನ್ ಪ್ರಕಾರ, ನಿಯಮಗಳು ಹೇಳಿದ ಉದ್ದೇಶಕ್ಕಲ್ಲದೆ ಯಾರ ಆಧಾರ್ ಸಂಖ್ಯೆಯನ್ನೂ ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ. ಆದರೂ 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಹೊರತಂದ ವರದಿ, ನಾಲ್ಕು ಸರ್ಕಾರಿ ಜಾಲತಾಣಗಳಲ್ಲೇ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಹಿರಂಗವಾಗಿರಬಹುದೆಂದು ಅಂದಾಜು ಮಾಡಿತು. ಪಿಂಚಣಿ ಮತ್ತು ಉದ್ಯೋಗ ಖಾತರಿಯ ಜಾಲತಾಣಗಳು ಅವುಗಳಲ್ಲಿ ಇದ್ದವು. ಅಲ್ಲಿಯೂ ಹ್ಯಾಕಿಂಗ್ ನಡೆದಿರಲಿಲ್ಲ.

ಹೆಬ್ಬೆಟ್ಟಿನ ಗುರುತಿನ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ಯಾರೂ ಮಾಹಿತಿ ಎಂದು ಎಣಿಸುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರದಲ್ಲಿ ಕೊಟ್ಟವರ, ಕೊಂಡವರ ಗುರುತುಗಳಿರುತ್ತವೆ. ಆಧಾರ್ ಮತ್ತು ಬೆರಳಚ್ಚಿನ ಮೂಲಕ ಹಣ ತೆಗೆಯುವ ವ್ಯವಸ್ಥೆ ಹಳ್ಳಿಗಳಿಗೆ ಬಂದ ಮೇಲೆ, ದಾಖಲೆಯ ಮೇಲಿನ ಬೆರಳಚ್ಚಿನಿಂದ ನಕಲಿ ಅಚ್ಚು ತಯಾರಿಸಿ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೂ ವರದಿಯಾದವು. ಖಾತೆ ಸಂಖ್ಯೆ ಸೋರಿದರೆ ಖಾತೆ ಬದಲಿಸಬಹುದು, ಮೊಬೈಲ್ ಸಂಖ್ಯೆಯನ್ನೂ ಬದಲಿಸಬಹುದು; ಹೆಬ್ಬೆರಳನ್ನು ಬದಲಿಸಲಾಗದು. ಹಾಗಾಗಿ ಯಾವ ದಾಖಲೆಯ ಸ್ಕ್ಯಾನ್ ಪ್ರತಿಯನ್ನು ಹೊರಗೆ ಕೊಡುವಾಗಲೂ ಬೆರಳಚ್ಚನ್ನು ಮರೆಮಾಡುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ಕೆಲವು ಪಟ್ಟಿಗಳಲ್ಲಿ ಎಲ್ಲ ಸಂಖ್ಯೆಗಳನ್ನು ತೆಗೆದರೂ ಹಾನಿ ಉಳಿಯುತ್ತದೆ, ಏಕೆಂದರೆ ಪಟ್ಟಿಯ ತಲೆಬರಹವೇ ಗುಟ್ಟನ್ನು ಹೇಳಿಬಿಡುತ್ತದೆ. ವಿಧವಾ ವೇತನದ ಊರುವಾರು ಪಟ್ಟಿ ಯಾವ ಊರಿನಲ್ಲಿ ಯಾವ ಹೆಣ್ಣುಮಗಳು ಒಬ್ಬಳೇ ಇರಬಹುದೆಂದು ತೋರಿಸುತ್ತದೆ. ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರ ‘ಮನಸ್ವಿನಿ’, ಲಿಂಗತ್ವ ಅಲ್ಪಸಂಖ್ಯಾತರ ‘ಮೈತ್ರಿ’ ಯೋಜನೆಗಳಲ್ಲಿ ಹೆಸರು ಇರುವುದೇ ಒಂದು ಖಾಸಗಿ ಸಂಗತಿ ಹೊರಬಿದ್ದಂತೆ. ದೇವದಾಸಿ ಪದ್ಧತಿಯನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿತು. ಆ ಬದುಕಿನಿಂದ ಹೊರಬಂದ ಮಹಿಳೆಯರಿಗೆ ಕೊಡುವ ಮಾಸಾಶನದ ಪಟ್ಟಿಯನ್ನು ಹೆಸರು ಸಹಿತ ಜಾಲತಾಣದಲ್ಲಿ ಇಟ್ಟರೆ, ತಾಯಿಯ ಹೆಸರು ಹಾಕಿ ಹುಡುಕಿದ ಯಾವ ಸಂಬಂಧಿಕನಿಗಾದರೂ, ಮಗಳನ್ನು ನೋಡಲು ಬರುವ ಯಾವ ಬೀಗರಿಗಾದರೂ ಅದು ಸಿಗುತ್ತದೆ. ನೆರವು ಪಡೆದ ತಪ್ಪಿಗೆ ಆ ಕುಟುಂಬ ಇನ್ನೊಂದು ತಲೆಮಾರು ಅದನ್ನು ಹೊತ್ತುಕೊಂಡು ತಿರುಗಬೇಕೆ? ಇಂತಹ ಯೋಜನೆಗಳಲ್ಲಿ ಜಾಲತಾಣಕ್ಕೆ ತಾಲ್ಲೂಕುವಾರು ಸಂಖ್ಯೆ ಮತ್ತು ಒಟ್ಟು ಮೊತ್ತ ಸಾಕು. ಹೆಸರುಗಳ ಪರಿಶೋಧನೆಯನ್ನು ಗೋಪ್ಯತೆಗೆ ಬದ್ಧವಾದ ಸಣ್ಣ ತಂಡವೊಂದು ಕಚೇರಿಯಲ್ಲಿ ಕಡತ ತೆರೆದು ಮಾಡಲಿ. ತಾಲ್ಲೂಕಿನಲ್ಲಿ ಫಲಾನುಭವಿಗಳು ಇಬ್ಬರೋ ಮೂವರೋ ಇದ್ದರೆ ಆ ಸಂಖ್ಯೆಯನ್ನೂ ಜಿಲ್ಲೆಯ ಮೊತ್ತದೊಳಗೆ ಸೇರಿಸಿಬಿಡುವುದು ಒಳ್ಳೆಯದು.

ಹೆಸರಿಲ್ಲದಿದ್ದರೆ ಸಾಕೆಂಬ ನಂಬಿಕೆ ಎಷ್ಟು ದುರ್ಬಲ ಎಂಬುದನ್ನು 2020ರ ಮಾರ್ಚ್‌ನಲ್ಲಿ ನಾವೇ ಕಂಡೆವು. ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ಜಿಲ್ಲಾವಾರು ಪಟ್ಟಿಯನ್ನು ರಾಜ್ಯ ಸರ್ಕಾರ ಪ್ರಕಟಿಸಿದಾಗ ಅದರಲ್ಲಿ ಹೆಸರುಗಳಿರಲಿಲ್ಲ, ಮನೆಯ ವಿಳಾಸಗಳಿದ್ದವು. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ವಿಳಾಸದ ಹಿಂದೆ ಹೆಸರು ಅಡಗಿದರೂ ಅಡಗಬಹುದು; ದಾವಣಗೆರೆಯಂತಹ ಊರಿನ ಒಂದು ಬೀದಿಯಲ್ಲಿ ವಿಳಾಸವೇ ಹೆಸರು.

ಕಾನೂನಿನ ಕಡೆಗೆ ಬಂದರೆ, ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಮೊದಲ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಸರ್ಕಾರ ಈ ಹಕ್ಕನ್ನು ಮಿತಿಗೊಳಿಸಬೇಕಾದರೆ ಅದಕ್ಕೆ ಕಾನೂನಿನ ಬೆಂಬಲವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಮತ್ತು ಮಾಡುವ ಹಸ್ತಕ್ಷೇಪ ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು ಎಂಬುದು ಆ ತೀರ್ಪಿನಿಂದ ಬಂದ ಅಳತೆ. ಖಾತೆ ಸಂಖ್ಯೆ ಸಹಿತ ಪಟ್ಟಿ ಮೊದಲ ಎರಡರಲ್ಲಿ ತೇರ್ಗಡೆಯಾಗಿ ಮೂರನೆಯದರಲ್ಲಿ ಬೀಳುತ್ತದೆ.

ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾದವು. ದತ್ತಾಂಶವನ್ನು ಕಾಪಾಡುವ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು. ಆದರೆ ಅದರೊಳಗಿನ ಒಂದು ಭಾಗ ತಕ್ಷಣವೇ ಜಾರಿಗೆ ಬಂದಿತು, ಅದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್‌ನ ತಿದ್ದುಪಡಿ. ಮೊದಲು, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಅನಗತ್ಯವಾಗಿ ಖಾಸಗಿತನಕ್ಕೆ ನುಗ್ಗುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಾಗಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲಿತ್ತು. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು, ವಿನಾಯಿತಿ ಸಿಗುತ್ತದೆ. ಇದು ನನಗೆ ನಿಜವಾದ ಆತಂಕದ ವಿಷಯ. ದೊಡ್ಡಮ್ಮನ ಖಾತೆ ಸಂಖ್ಯೆಯನ್ನು ಮುಚ್ಚಬೇಕೆಂದು ನಾವು ಕೇಳಿದರೆ, ಗುತ್ತಿಗೆದಾರನ ಬಿಲ್ಲನ್ನೂ ಅಧಿಕಾರಿಯ ಪ್ರವಾಸದ ಲೆಕ್ಕವನ್ನೂ ಅದೇ ಮಾತಿನ ಅಡಿಯಲ್ಲಿ ಮುಚ್ಚುವವರಿದ್ದಾರೆ. ಅವರಿಗೆ ಉತ್ತರ ಮಾಹಿತಿ ಹಕ್ಕು ಕಾಯ್ದೆಯಲ್ಲೇ ಇದೆ: ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆನ್ನುವ 8(2) ಉಳಿದಿದೆ, ಮುಚ್ಚಬೇಕಾದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕೆನ್ನುವ 10ನೇ ಸೆಕ್ಷನ್ ಉಳಿದಿದೆ, ಫಲಾನುಭವಿಗಳ ವಿವರ ಪ್ರಕಟಿಸಬೇಕೆನ್ನುವ 4ನೇ ಸೆಕ್ಷನ್ನೂ ಹಾಗೆಯೇ ಇದೆ. ಇವುಗಳಲ್ಲಿ 10ನೇ ಸೆಕ್ಷನ್ ನನ್ನ ಮಟ್ಟಿಗೆ ಈ ಇಡೀ ಜಗಳದ ಕೀಲಿಕೈ, ಏಕೆಂದರೆ ಕಾಗದವನ್ನು ಪೂರ್ತಿ ಕೊಡುವುದೋ ಪೂರ್ತಿ ಮುಚ್ಚುವುದೋ ಎಂಬ ಎರಡೇ ದಾರಿಗಳಿಲ್ಲ ಎಂದು ಅದು 2005ರಲ್ಲೇ ಹೇಳಿದೆ.

ಹೊಸ ಕಾಯ್ದೆಯಲ್ಲಿ ಇನ್ನೊಂದು ತಿರುವಿದೆ. ಕಾನೂನಿನ ಕಟ್ಟಳೆಯಂತೆ ಸಾರ್ವಜನಿಕಗೊಳಿಸಿದ ವೈಯಕ್ತಿಕ ದತ್ತಾಂಶಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಅಂದರೆ ಕಚೇರಿ ಕಾನೂನಿನ ಹೆಸರಿನಲ್ಲಿ ಒಂದು ಕಾಲಂ ಹೆಚ್ಚಾಗಿ ಪ್ರಕಟಿಸಿದರೆ, ಆಮೇಲೆ ಅದನ್ನು ಎತ್ತಿಕೊಂಡವರ ಮೇಲೆ ಈ ಕಾಯ್ದೆಯ ಹಿಡಿತ ಸಡಿಲವಾಗುವ ಅಪಾಯವಿದೆ. ರಕ್ಷಣೆ ಏನಿದ್ದರೂ ಪ್ರಕಟಣೆಗೆ ಮೊದಲು, ಎಕ್ಸೆಲ್ ಕಡತದ ಎದುರಲ್ಲೇ ಆಗಬೇಕು.

ಪೊಲೀಸ್ ಠಾಣೆ ಮತ್ತು ನ್ಯಾಯಾಲಯಗಳ ದಾಖಲೆಗಳಲ್ಲಿ ದಾರಿ ಇನ್ನಷ್ಟು ಸ್ಪಷ್ಟವಾಗಿದೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದಾಗಲೇ ಲೈಂಗಿಕ ಅಪರಾಧ, ಪೋಕ್ಸೋ ಮುಂತಾದ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಟ್ಟಿತು. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತು. ದೃಢೀಕೃತ ಪ್ರತಿಯಲ್ಲಿ ಹೆಸರು ಇದ್ದಂತೆಯೇ ಇರುತ್ತದೆ ಎಂದೂ ಹೇಳಿತು. ದಾಖಲೆ ಸತ್ಯವಾಗಿ ಉಳಿಯಬೇಕು, ಆದರೆ ಹೆಸರು ಹಾಕಿದ ಯಾರಿಗೂ ಅದು ತಾನಾಗಿ ಎದುರಾಗಬಾರದು ಎಂಬ ಈ ವಿಂಗಡಣೆ ಪಂಚಾಯಿತಿಯ ಪಟ್ಟಿಗೂ ಒಪ್ಪುತ್ತದೆ. ಚುನಾವಣಾ ಆಯೋಗ ಮತದಾರರ ಪಟ್ಟಿಯನ್ನು ಭಾವಚಿತ್ರವಿಲ್ಲದೆ, ಪದ ಹುಡುಕಲು ಬಾರದ ಚಿತ್ರರೂಪದಲ್ಲಿ ಕೊಡುವುದೂ ಇದೇ ಬಗೆಯ ಯತ್ನ. ಚಿತ್ರದಿಂದ ಅಕ್ಷರ ತೆಗೆಯುವ ತಂತ್ರಾಂಶಗಳು ಈಗ ಸುಲಭವಾಗಿ ಸಿಗುವುದರಿಂದ ಅದೊಂದನ್ನೇ ನಂಬಿಕೊಳ್ಳುವಂತಿಲ್ಲ.

ಒಳ್ಳೆಯ ಮನಸ್ಸಿನಿಂದ ಮರೆಮಾಡಲು ಹೊರಟವರೂ ಕೆಲವು ಕಡೆ ಎಡವುತ್ತಾರೆ. ಎಕ್ಸೆಲ್‌ನಲ್ಲಿ ಕಾಲಂ ಅನ್ನು ‘ಹೈಡ್’ ಮಾಡಿ ಕಡತವನ್ನು ಹಾಗೆಯೇ ಏರಿಸಿದರೆ, ಇಳಿಸಿಕೊಂಡವರು ಒಂದೇ ಕ್ಲಿಕ್ಕಿನಲ್ಲಿ ಅದನ್ನು ತೆರೆಯುತ್ತಾರೆ. ಕಾಲಂ ಅನ್ನು ಅಳಿಸಬೇಕು. ಪಿಡಿಎಫ್‌ನಲ್ಲಿ ಸಂಖ್ಯೆಯ ಮೇಲೆ ಕಪ್ಪು ಪಟ್ಟೆ ಎಳೆದರೆ ಕೆಳಗಿನ ಅಕ್ಷರಗಳು ಅಲ್ಲಿಯೇ ಇರುತ್ತವೆ, ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಓದಲು ಸಿಗುತ್ತವೆ. ಜಾಲತಾಣದ ವಿಳಾಸದ ಕೊನೆಯಲ್ಲಿ ಅರ್ಜಿ ಸಂಖ್ಯೆ ಇದ್ದು, ಅದಕ್ಕೆ ಒಂದನ್ನು ಕೂಡಿಸಿದ ಕೂಡಲೇ ಮುಂದಿನ ಅರ್ಜಿದಾರನ ಪುಟ ತೆರೆದುಕೊಂಡರೆ, ಬಾಗಿಲಿಗೆ ಬೀಗವೇ ಇಲ್ಲವೆಂದು ತಿಳಿಯಬೇಕು. ಇನ್ನೊಂದು ತಪ್ಪು ಎರಡು ಕಚೇರಿಗಳ ನಡುವೆ ಹುಟ್ಟುತ್ತದೆ: ಒಂದು ಕಚೇರಿ ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕಿಗಳನ್ನೂ ಇನ್ನೊಂದು ಕೊನೆಯ ನಾಲ್ಕನ್ನೂ ಮರೆಮಾಡಿದರೆ, ಎರಡು ಪಟ್ಟಿಗಳನ್ನು ಜೋಡಿಸಿದವನಿಗೆ ಹನ್ನೆರಡೂ ಸಿಗುತ್ತವೆ. ಆಧಾರ್ ಪ್ರಾಧಿಕಾರವೇ ಕೊಡುವ ಮಾಸ್ಕ್ಡ್ ಆಧಾರ್‌ನಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಎಲ್ಲ ಇಲಾಖೆಗಳೂ ಎಲ್ಲ ಬಗೆಯ ಸಂಖ್ಯೆಗಳಿಗೂ ಅದೇ ಕ್ರಮ ಹಿಡಿಯಬೇಕು. ಪರಿಶೋಧನೆ ಮುಗಿದು ಆಕ್ಷೇಪಣೆಯ ಅವಧಿ ಕಳೆದ ಮೇಲೆ ಹೆಸರುಗಳ ಪಟ್ಟಿ ಜಾಲತಾಣದಿಂದ ಇಳಿದು ಕಚೇರಿಯ ಕಡತಕ್ಕೆ ಹೋಗುವ ದಿನಾಂಕವನ್ನೂ ಪಟ್ಟಿಯ ಮೇಲೆಯೇ ನಮೂದಿಸಬಹುದು.

ತಮ್ಮ ವಿವರ ಹೀಗೆ ಹೊರಬಿದ್ದದ್ದನ್ನು ಕಂಡವರು ಮೊದಲು ಪುಟದ ವಿಳಾಸ, ದಿನಾಂಕ ಕಾಣುವಂತೆ ಅದರ ಪ್ರತಿ ಇಟ್ಟುಕೊಳ್ಳಬೇಕು; ಅದನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಂಚಬಾರದು, ಹಂಚಿದರೆ ಉಳಿದವರ ವಿವರವೂ ಹರಡುತ್ತದೆ. ಬಳಿಕ ಆ ಕಚೇರಿಯ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಆಧಾರ್ ಬೆರಳಚ್ಚನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಲಾಕ್ ಮಾಡಿ ಬೇಕಾದಾಗ ತೆರೆಯಬಹುದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಮೊದಲ ಕೆಲವು ಗಂಟೆಗಳಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ದೊಡ್ಡಮ್ಮನ ಪರವಾಗಿ ನಾನು ಬರೆದ ಅರ್ಜಿಯಲ್ಲಿ ಪಟ್ಟಿಯನ್ನು ತೆಗೆಯಿರಿ ಎಂದು ಕೇಳಿರಲಿಲ್ಲ. ಹೆಸರು, ಗಂಡನ ಹೆಸರು, ಊರು, ಮೊತ್ತ ಉಳಿಸಿ, ಮೊಬೈಲ್ ಸಂಖ್ಯೆಯನ್ನು ಅಳಿಸಿ, ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಇಡಬೇಕೆಂದು, ಅದೂ ಆಕೆಯೊಬ್ಬರದಲ್ಲ, ಇಡೀ ಹಳ್ಳಿಯವರದು ಹಾಗಾಗಬೇಕೆಂದು ಕೇಳಿದ್ದೆ. ಐದು ವಾರಗಳ ನಂತರ ಹೊಸ ಪಟ್ಟಿ ಬಂದಿತು, ಕೇಳಿದಂತೆಯೇ ಇತ್ತು. ಅದರಲ್ಲಿ ದೊಡ್ಡಮ್ಮ ತಮ್ಮ ಸಾಲನ್ನು ಸುಲಭವಾಗಿ ಗುರುತಿಸಿದರು. ಅದರ ಕೆಳಗಿನ ಸಾಲಿನಲ್ಲಿದ್ದ, ಊರು ಬಿಟ್ಟು ಬಹಳ ವರ್ಷಗಳಾದ ಒಬ್ಬರ ಹೆಸರನ್ನೂ ಗುರುತಿಸಿ, ‘ಇವರಿಗೆ ಇಲ್ಲಿ ಜಮೀನೇ ಇಲ್ಲವಲ್ಲ’ ಎಂದರು. ಆ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಗೆ ಬರೆದುಕೊಟ್ಟಿದ್ದೇವೆ.